ಗೊಬ್ಬರದ ಜೊತೆ ಹೊಲ ಸೇರುವ ಸೀಸ

ಕಲಬುರಗಿ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಈ ಬೆಳೆ ತಿಪ್ಪೆಗೊಬ್ಬರವನ್ನು ಧಾರಾಳವಾಗಿ ಬೇಡುತ್ತದೆ. ಮನೆಯ ದನಕರು ಕಡಿಮೆಯಾದರೆ ಗೊಬ್ಬರ ಹೊರಗಿನಿಂದ ತರಬೇಕು. ನಗರದ ಕಸದ ಗೊಬ್ಬರ, ಕಾರ್ಖಾನೆಯ ಕೆಸರು, ಬೂದಿ ಅಗ್ಗಕ್ಕೆ ಸಿಕ್ಕರೆ ಯಾರು ಬೇಡ ಅಂದಾರು? ನನ್ನ ಆತಂಕ ಇರುವುದು ಇಲ್ಲಿಯೇ.

ಕಾರ್ಖಾನೆಯಿಂದ ಬಂದದ್ದೆಲ್ಲ ವಿಷವಲ್ಲ. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ಚೆನ್ನಾಗಿ ಕಳಿತರೆ ಒಳ್ಳೆಯ ಗೊಬ್ಬರ. ಲೋಹಲೇಪನ, ಬ್ಯಾಟರಿ, ಚರ್ಮ ಹದ ಮಾಡುವ ಘಟಕಗಳ ಕೆಸರಿನ ಮಾತೇ ಬೇರೆ. ಅದರಲ್ಲಿ ಕ್ಯಾಡ್ಮಿಯಂ, ಸೀಸ, ಕ್ರೋಮಿಯಂ ಇರಬಹುದು. ಲೋಹ ಕೊಳೆಯುವುದಿಲ್ಲ, ಹಾಕಿದಷ್ಟೂ ಕೂಡುತ್ತ ಹೋಗುತ್ತದೆ.

ಲೆಕ್ಕ ನೋಡಿ. 1985ರ ರಸಗೊಬ್ಬರ ನಿಯಂತ್ರಣ ಆದೇಶದಂತೆ ನಗರ ಕಾಂಪೋಸ್ಟಿನ ಪ್ರತಿ ಕಿಲೋದಲ್ಲಿ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದು. ಆ ಮಿತಿಯಲ್ಲೇ ಇರುವ ಗೊಬ್ಬರವನ್ನು ಎಕರೆಗೆ 4 ಟನ್ ಹಾಕಿದರೂ ವರ್ಷಕ್ಕೆ 400 ಗ್ರಾಂವರೆಗೆ ಸೀಸ ಹೊಲ ಸೇರಬಹುದು. 20 ವರ್ಷಕ್ಕೆ 8 ಕಿಲೋ. ಪರೀಕ್ಷೆಯೇ ಆಗದೆ ಟ್ರ್ಯಾಕ್ಟರಿನಲ್ಲಿ ಬಂದು ಬೀಳುವ ಕೆಸರಿಗೆ ಈ ಲೆಕ್ಕವೂ ಇಲ್ಲ.

ಕಲಬುರಗಿಯ ತೊಗರಿ ಬೆಳೆಯುವ ಎರೆಮಣ್ಣು ಕ್ಷಾರೀಯ, ಜೇಡಿ ಹೆಚ್ಚು. ಕ್ಯಾಡ್ಮಿಯಂ, ಸೀಸವನ್ನು ಅದು ಬಿಗಿಯಾಗಿ ಹಿಡಿದಿಡುತ್ತದೆ, ಬೇರಿಗೆ ಸುಲಭವಾಗಿ ಬಿಡುವುದಿಲ್ಲ. ಹಾಗೆಂದು ನೆಮ್ಮದಿಯಿಂದ ಇರುವಂತಿಲ್ಲ. ಕಲ್ಲಿದ್ದಲಿನ ಹಾರುಬೂದಿಯಲ್ಲಿರುವ ಆರ್ಸೆನಿಕ್, ಮಾಲಿಬ್ಡಿನಂ ಕ್ಷಾರ ಮಣ್ಣಿನಲ್ಲೇ ಹೆಚ್ಚು ಸಡಿಲವಾಗುತ್ತವೆ. ಇನ್ನು ಹಗುರ ಕೆಂಪು ಮಣ್ಣಿಗೆ ಹಿಡಿತವೇ ಕಡಿಮೆ. ಹುಳಿಯ ಅಂಶ ಹೆಚ್ಚಿದಷ್ಟೂ ಕ್ಯಾಡ್ಮಿಯಂ ಗಿಡಕ್ಕೆ ಏರುತ್ತದೆ. ಅದು ಮನುಷ್ಯನ ಮೂತ್ರಪಿಂಡದಲ್ಲಿ ದಶಕಗಟ್ಟಲೆ ಉಳಿಯುತ್ತದೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಇಂಥದ್ದು ನಡೆದದ್ದು 1997ರಲ್ಲಿ ಬಯಲಾಯಿತು. ಉಕ್ಕಿನ ಕಾರ್ಖಾನೆಯ ಚಿಮಣಿ ದೂಳಿನಂಥ ಅಪಾಯಕಾರಿ ತ್ಯಾಜ್ಯ ಸತುವಿನ ಗೊಬ್ಬರವಾಗಿ ಹೊಲ ಸೇರುತ್ತಿತ್ತು. ಜೊತೆಗಿದ್ದ ಸೀಸ, ಕ್ಯಾಡ್ಮಿಯಂ ವಿಷಯ ಚೀಲದ ಮೇಲೆ ಇರಲಿಲ್ಲ. ಕ್ವಿನ್ಸಿ ಎಂಬ ಪುಟ್ಟ ಊರಿನ ಮೇಯರ್ ಪ್ಯಾಟಿ ಮಾರ್ಟಿನ್ ರೈತರ ಪರ ಪ್ರಶ್ನೆ ಎತ್ತಿದರು, ಸಿಯಾಟಲ್ ಟೈಮ್ಸ್ ಪತ್ರಿಕೆ ಬರೆಯಿತು, ಮರುವರ್ಷ ಗೊಬ್ಬರದ ಲೋಹಗಳಿಗೆ ಮಿತಿ ಹಾಕುವ ಕಾನೂನು ಬಂತು. ನಮ್ಮಲ್ಲೂ ಸತುವಿನ ಕೊರತೆಯ ಹೊಲಗಳು ಬಹಳ, ಸತುವಿನ ಸಲ್ಫೇಟ್ ಕೊಳ್ಳುವವರೂ ಬಹಳ. ಅದರಲ್ಲಿನ ಸೀಸ, ಕ್ಯಾಡ್ಮಿಯಂಗೆ ನಮ್ಮ ಕಾನೂನೂ ಮಿತಿ ಹಾಕಿದೆ. ಆದರೆ ಬಿಲ್ಲಿಲ್ಲದೆ ಮಾರುವ ಬಿಡಿ ಪುಡಿಗೆ ಜವಾಬ್ದಾರರು ಯಾರು?

ಎಲ್ಲಕ್ಕಿಂತ ಚಿಂತೆಯ ಸಂಗತಿ ಮಣ್ಣು ಆರೋಗ್ಯ ಚೀಟಿಯದು. ಅದು ಅಳೆಯುವುದು 12 ಅಂಶಗಳನ್ನು. ಸಾರಜನಕ, ರಂಜಕ, ಸತು, ಬೋರಾನ್ ಎಲ್ಲ ಇವೆ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಇಲ್ಲ. ಹೊಲ ಕೆಟ್ಟರೂ ಚೀಟಿ ಚೆನ್ನಾಗಿಯೇ ಇರುತ್ತದೆ. ಒಮ್ಮೆ ಕೂಡಿದ ಲೋಹವನ್ನು ಎಕರೆಗಟ್ಟಲೆ ಮಣ್ಣಿನಿಂದ ತೆಗೆಯುವ ಅಗ್ಗದ ದಾರಿಯೂ ಇಲ್ಲ.

ಕೃಷಿ ಇಲಾಖೆ ಕೆಂಪು ಬಾಳೆಯ ತೋಟಗಳಲ್ಲೂ ತೊಗರಿ ಹೊಲಗಳಲ್ಲೂ ಭಾರಲೋಹದ ಪರೀಕ್ಷೆಯನ್ನು ಈಗಲೇ ಮಾಡಿಸಿ, ಫಲಿತಾಂಶವನ್ನು ಗ್ರಾಮ ಪಂಚಾಯಿತಿಯಲ್ಲಿ ಅಂಟಿಸಬೇಕು. ರೈತರಲ್ಲಿ ನನ್ನ ವಿನಂತಿ: ಪುಕ್ಕಟೆ ಬಂದರೂ ಸರಿ, ಭಾರಲೋಹದ ವರದಿ ಇಲ್ಲದ ಕೆಸರನ್ನು, ಬೂದಿಯನ್ನು ಹೊಲದಲ್ಲಿ ಇಳಿಸಲು ಬಿಡಬೇಡಿ.