ನಾವೊಶಿಮಾ ಕಲಾದ್ವೀಪ

ನಾವೊಶಿಮಾ ಜಪಾನಿನ ಸೆಟೊ ಒಳಸಮುದ್ರದಲ್ಲಿರುವ ಒಂದು ಚಿಕ್ಕ ದ್ವೀಪ. ಆಡಳಿತದ ದೃಷ್ಟಿಯಿಂದ ಇದು ಕಗಾವಾ ಪ್ರಾಂತ್ಯಕ್ಕೆ ಸೇರಿದೆ. ಸುಮಾರು 8 ಚದರ ಕಿಲೋಮೀಟರ್ ವಿಸ್ತೀರ್ಣ ಮತ್ತು ಸುಮಾರು 3,000 ಜನಸಂಖ್ಯೆಯುಳ್ಳ ಈ ದ್ವೀಪವು, ಸಮಕಾಲೀನ ಕಲೆ ಹಾಗೂ ವಾಸ್ತುಶಿಲ್ಪವನ್ನು ನೋಡಲೆಂದೇ ಪ್ರವಾಸ ಕೈಗೊಳ್ಳುವವರ ಪ್ರಮುಖ ತಾಣವಾಗಿದೆ. ಇಲ್ಲಿನ ಹಲವು ಕೃತಿಗಳು ಆಯಾ ಸ್ಥಳಕ್ಕೆಂದೇ ರಚಿತವಾದವು. ಅಲ್ಲಿನ ಬೆಳಕು, ಕಡಲು ಮತ್ತು ಹಳೆಯ ಮನೆಗಳು ಕೃತಿಯ ಭಾಗವೇ ಆಗಿರುವುದರಿಂದ ಅವುಗಳನ್ನು ಬೇರೆ ಊರಿಗೆ ಒಯ್ದು ಪ್ರದರ್ಶಿಸಲಾಗದು. ನೋಡುಗರೇ ಅಲ್ಲಿಗೆ ಹೋಗಬೇಕು.

ಹಿನ್ನೆಲೆ

1917ರಲ್ಲಿ ಮಿತ್ಸುಬಿಷಿ ಸಂಸ್ಥೆಯು ದ್ವೀಪದ ಉತ್ತರ ಭಾಗದಲ್ಲಿ ತಾಮ್ರ ಶುದ್ಧೀಕರಣ ಕಾರ್ಖಾನೆಯನ್ನು ಆರಂಭಿಸಿತು. ಇದರಿಂದ ದ್ವೀಪವಾಸಿಗಳಿಗೆ ಉದ್ಯೋಗ ದೊರೆಯಿತಾದರೂ, ಕಾರ್ಖಾನೆಯ ಹೊಗೆಯಿಂದ ಸುತ್ತಲಿನ ಗುಡ್ಡಗಳು ಬೋಳಾದವು. ನೆರೆಯ ಇನುಜಿಮಾ ದ್ವೀಪದ ತಾಮ್ರ ಕಾರ್ಖಾನೆಯು 1909ರಿಂದ 1919ರವರೆಗೆ ಕೇವಲ ಹತ್ತು ವರ್ಷ ನಡೆದು ಪಾಳುಬಿದ್ದಿತು. ಮತ್ತೊಂದು ದ್ವೀಪವಾದ ತೆಶಿಮಾದಲ್ಲಿ 1990ರವರೆಗೆ ಕೈಗಾರಿಕಾ ತ್ಯಾಜ್ಯವನ್ನು ಅಕ್ರಮವಾಗಿ ಸುರಿಯಲಾಗುತ್ತಿತ್ತು. ನಿವಾಸಿಗಳ ದೀರ್ಘ ಹೋರಾಟದ ಫಲವಾಗಿ 2000ದಲ್ಲಿ ಪ್ರಾಂತ್ಯದ ಆಡಳಿತದೊಡನೆ ಒಪ್ಪಂದವಾಯಿತು. ಸುಮಾರು 9 ಲಕ್ಷ ಟನ್ ತ್ಯಾಜ್ಯ ಮತ್ತು ಕಲುಷಿತ ಮಣ್ಣನ್ನು 2003ರಿಂದ 2017ರವರೆಗೆ ಹಡಗಿನಲ್ಲಿ ನಾವೊಶಿಮಾಕ್ಕೆ ತಂದು ಸಂಸ್ಕರಿಸಲಾಯಿತು. ಹೀಗೆ ಇಂದು ಕಲೆಗೆ ಹೆಸರಾದ ಈ ಮೂರು ದ್ವೀಪಗಳೂ ಕೈಗಾರಿಕೆಯ ಹೊರೆಯನ್ನು ಹೊತ್ತಂಥವು. ಯುವಜನರ ವಲಸೆಯಿಂದ ಇವುಗಳ ಜನಸಂಖ್ಯೆಯೂ ಕುಗ್ಗಿತು.

ಕಲಾಯೋಜನೆಯ ಬೆಳವಣಿಗೆ

1985ರಲ್ಲಿ ಒಕಯಾಮಾ ನಗರದ ಪ್ರಕಾಶಕ ತೆತ್ಸುಹಿಕೊ ಫುಕುಟಾಕೆ ಮತ್ತು ನಾವೊಶಿಮಾದ ಅಂದಿನ ಮೇಯರ್ ಚಿಕತ್ಸುಗು ಮಿಯಾಕೆ ಅವರು ದ್ವೀಪದ ದಕ್ಷಿಣ ಭಾಗದಲ್ಲಿ ಮಕ್ಕಳ ಶಿಬಿರತಾಣವನ್ನು ನಿರ್ಮಿಸುವ ವಿಚಾರದಲ್ಲಿ ಒಮ್ಮತಕ್ಕೆ ಬಂದರು. ಮರುವರ್ಷವೇ ಫುಕುಟಾಕೆ ನಿಧನರಾದರು. ಅವರ ಮಗ ಸೊಯಿಚಿರೊ ಫುಕುಟಾಕೆ ಈ ಕಾರ್ಯವನ್ನು ಮುಂದುವರಿಸಿದರು. ವಾಸ್ತುಶಿಲ್ಪಿ ತಡಾವೊ ಆಂಡೊ ಅವರ ಮಾರ್ಗದರ್ಶನದಲ್ಲಿ 1989ರಲ್ಲಿ ಶಿಬಿರತಾಣವು ಆರಂಭವಾಯಿತು. 1992ರಲ್ಲಿ ವಸ್ತುಸಂಗ್ರಹಾಲಯವೂ ವಸತಿಗೃಹವೂ ಒಂದೇ ಆಗಿರುವ 'ಬೆನೆಸ್ಸೆ ಹೌಸ್' ತೆರೆಯಿತು. ಅಲ್ಲಿ ತಂಗುವ ಅತಿಥಿಗಳು ಕಲಾಕೃತಿಗಳ ನಡುವೆಯೇ ಇರುಳು ಕಳೆಯುತ್ತಾರೆ.

ಪ್ರಮುಖ ತಾಣಗಳು

ಚಿಚು ಕಲಾ ವಸ್ತುಸಂಗ್ರಹಾಲಯ: 2004ರಲ್ಲಿ ತೆರೆದ ಈ ಕಟ್ಟಡದ ವಿನ್ಯಾಸಕಾರರು ಆಂಡೊ. 'ಚಿಚು' ಎಂದರೆ ನೆಲದೊಳಗೆ ಎಂದರ್ಥ. ಗುಡ್ಡದ ಆಕಾರ ಕೆಡದಂತೆ ಕಟ್ಟಡದ ಬಹುಭಾಗವನ್ನು ಭೂಮಿಯೊಳಗೆ ನಿರ್ಮಿಸಲಾಗಿದೆ. ಕ್ಲೋದ್ ಮೊನೆಯವರ ಐದು ನೈದಿಲೆಕೊಳದ ಚಿತ್ರಗಳನ್ನು ಇಲ್ಲಿ ಸಹಜ ಬೆಳಕಿನಲ್ಲಿಯೇ ನೋಡಬೇಕು. ಆದ್ದರಿಂದ ಋತು ಮತ್ತು ಹೊತ್ತಿಗೆ ತಕ್ಕಂತೆ ಅವುಗಳ ಬಣ್ಣ ಬದಲಾದಂತೆ ಕಾಣುತ್ತದೆ. ವಾಲ್ಟರ್ ಡಿ ಮರಿಯಾ ಮತ್ತು ಜೇಮ್ಸ್ ಟರೆಲ್ ಅವರ ಕೃತಿಗಳೂ ಇಲ್ಲಿವೆ.

ಕಲಾಮನೆ ಯೋಜನೆ: ಹೊನ್ಮುರಾ ಎಂಬ ಹಳೆಯ ವಸತಿಪ್ರದೇಶದಲ್ಲಿ ಬರಿದಾದ ಮನೆಗಳನ್ನೂ ನಿವೇಶನಗಳನ್ನೂ ಕಲಾಕೃತಿಗಳಾಗಿ ಮಾರ್ಪಡಿಸುವ ಈ ಯೋಜನೆಯು 1998ರಲ್ಲಿ ಆರಂಭವಾಯಿತು. ಮೊದಲ ಮನೆಯಾದ 'ಕಡೊಯಾ'ದಲ್ಲಿ ತತ್ಸುವೊ ಮಿಯಾಜಿಮಾ ಅವರು ನೀರಿನ ಕೊಳವೊಂದರಲ್ಲಿ 125 ಅಂಕಿದೀಪಗಳನ್ನು ಅಳವಡಿಸಿದರು. ಪ್ರತಿ ದೀಪದ ಅಂಕಿಗಳು ಬದಲಾಗುವ ವೇಗವನ್ನು ನಿರ್ಧರಿಸಿದವರು ಊರಿನ ಜನರೇ. ಕಲಾಕೃತಿಯ ರಚನೆಯಲ್ಲಿ ದ್ವೀಪವಾಸಿಗಳು ನೇರವಾಗಿ ಪಾಲ್ಗೊಂಡದ್ದು ಇದರ ವೈಶಿಷ್ಟ್ಯ. 1999ರ 'ಮಿನಾಮಿದೆರಾ' ಕಟ್ಟಡದಲ್ಲಿ ಟರೆಲ್ ಅವರ ಕೃತಿಯಿದೆ. ಗಾಢವಾದ ಕತ್ತಲೆಯಲ್ಲಿ ಕೆಲವು ನಿಮಿಷ ಕಾದ ನಂತರವೇ ಕಣ್ಣಿಗೆ ಮಂದಬೆಳಕು ಗೋಚರಿಸತೊಡಗುತ್ತದೆ.

ಹಳದಿ ಕುಂಬಳಕಾಯಿ: ಯಾಯೋಯಿ ಕುಸಾಮಾ ಅವರ ಈ ಶಿಲ್ಪವನ್ನು 1994ರಲ್ಲಿ ಕಡಲಂಚಿನ ಕಟ್ಟೆಯ ಮೇಲೆ ಇರಿಸಲಾಯಿತು. 2021ರ ಆಗಸ್ಟ್‌ನಲ್ಲಿ ಚಂಡಮಾರುತದ ಅಲೆಗಳಿಗೆ ಸಿಲುಕಿ ಅದು ಹಾನಿಗೊಂಡಿತು. 2022ರ ಅಕ್ಟೋಬರ್‌ನಲ್ಲಿ ಶಿಲ್ಪವನ್ನು ಅದೇ ಸ್ಥಳದಲ್ಲಿ ಮರುಸ್ಥಾಪಿಸಲಾಯಿತು.

ನೆರೆಯ ದ್ವೀಪಗಳು: 2010ರಲ್ಲಿ ತೆರೆದ ತೆಶಿಮಾ ಕಲಾ ವಸ್ತುಸಂಗ್ರಹಾಲಯವು ವಾಸ್ತುಶಿಲ್ಪಿ ರ್ಯುಯೆ ನಿಶಿಜಾವಾ ಮತ್ತು ಕಲಾವಿದೆ ರೇ ನೈಟೊ ಅವರ ಜಂಟಿ ಕೃತಿ. ನೀರಹನಿಯ ಆಕಾರದ ಈ ಕಾಂಕ್ರೀಟ್ ಕವಚವು ಸುಮಾರು 60 ಮೀಟರ್ ಉದ್ದ ಮತ್ತು 40 ಮೀಟರ್ ಅಗಲವಿದ್ದು, ಒಳಗೆ ಒಂದು ಕಂಬವೂ ಇಲ್ಲ. ಛಾವಣಿಯ ಎರಡು ತೆರವುಗಳ ಮೂಲಕ ಗಾಳಿ, ಮಳೆ ಮತ್ತು ಬೆಳಕು ಒಳಬರುತ್ತವೆ. ನೆಲದ ಸಣ್ಣ ರಂಧ್ರಗಳಿಂದ ಜಿನುಗುವ ನೀರಹನಿಗಳು ಹರಿದು ಒಂದಾಗುತ್ತವೆ. ಇನುಜಿಮಾದಲ್ಲಿ ಹಳೆಯ ತಾಮ್ರ ಕಾರ್ಖಾನೆಯ ಅವಶೇಷಗಳನ್ನು ಬಳಸಿಕೊಂಡು ರೂಪಿಸಿದ ವಸ್ತುಸಂಗ್ರಹಾಲಯವು 2008ರಲ್ಲಿ ತೆರೆಯಿತು.

ಪ್ರವಾಸದ ಕ್ರಮ

ದ್ವೀಪಕ್ಕೆ ಸೇತುವೆಯಿಲ್ಲ. ಉನೊ ಬಂದರಿನಿಂದ ದೋಣಿಯಲ್ಲಿ ಸುಮಾರು 20 ನಿಮಿಷ, ತಕಮತ್ಸು ನಗರದಿಂದ ಸುಮಾರು 50 ನಿಮಿಷಗಳ ಪ್ರಯಾಣ. ದ್ವೀಪದೊಳಗೆ ಬಸ್ಸು ಹಾಗೂ ಬಾಡಿಗೆ ಸೈಕಲ್ ದೊರೆಯುತ್ತವೆ. ಚಿಚು ವಸ್ತುಸಂಗ್ರಹಾಲಯಕ್ಕೆ ಸಮಯವನ್ನು ಮುಂಗಡವಾಗಿ ಕಾಯ್ದಿರಿಸಬೇಕು. ಚಿಚು ಮತ್ತು ತೆಶಿಮಾ ವಸ್ತುಸಂಗ್ರಹಾಲಯಗಳ ಒಳಗೆ ಛಾಯಾಚಿತ್ರ ತೆಗೆಯುವಂತಿಲ್ಲ.

ಪರಿಣಾಮ

2010ರಿಂದ ಮೂರು ವರ್ಷಗಳಿಗೊಮ್ಮೆ ಈ ಪ್ರದೇಶದ ದ್ವೀಪಗಳಲ್ಲಿ 'ಸೆತೊಉಚಿ ತ್ರೈವಾರ್ಷಿಕ' ಕಲಾ ಉತ್ಸವ ನಡೆಯುತ್ತಿದೆ. ಮೊದಲ ಉತ್ಸವದಲ್ಲಿ ಸುಮಾರು 9.38 ಲಕ್ಷ ಭೇಟಿಗಳೂ 2019ರಲ್ಲಿ ಸುಮಾರು 11.78 ಲಕ್ಷ ಭೇಟಿಗಳೂ ದಾಖಲಾದವು. ಇದರಿಂದ ಊಟದ ಮನೆ, ವಸತಿಗೃಹ ಮುಂತಾದ ಹೊಸ ಜೀವನೋಪಾಯಗಳು ಹುಟ್ಟಿಕೊಂಡಿವೆ. ಉತ್ಸವದ ಮತ್ತೊಂದು ತಾಣವಾದ ಓಗಿಜಿಮಾ ದ್ವೀಪದಲ್ಲಿ ಮಕ್ಕಳಿಲ್ಲದೆ ಸ್ಥಗಿತಗೊಂಡಿದ್ದ ಶಾಲೆಯು, ಕೆಲವು ಕುಟುಂಬಗಳು ಮರಳಿ ನೆಲೆಸಿದ್ದರಿಂದ 2014ರಲ್ಲಿ ಪುನಃ ಆರಂಭವಾಯಿತು.

ಆದರೆ ಕಲೆಯೊಂದರಿಂದಲೇ ದ್ವೀಪಗಳ ಸಮಸ್ಯೆ ಬಗೆಹರಿದಿಲ್ಲ. ಜನಸಂಖ್ಯೆಯ ಇಳಿಕೆ ಹಾಗೂ ವೃದ್ಧರ ಪ್ರಮಾಣದ ಏರಿಕೆ ಮುಂದುವರಿದಿವೆ. ಉತ್ಸವದ ದಿನಗಳಲ್ಲಿ ದ್ವೀಪವಾಸಿಗಳ ನಿತ್ಯಸಂಚಾರಕ್ಕೆ ಆಧಾರವಾದ ದೋಣಿಗಳಲ್ಲಿ ಪ್ರವಾಸಿಗರ ದಟ್ಟಣೆ ಉಂಟಾಗುತ್ತದೆ. ಹೊನ್ಮುರಾದ ಕಲಾಮನೆಗಳ ಅಕ್ಕಪಕ್ಕದಲ್ಲಿ ಜನರು ಇಂದಿಗೂ ವಾಸಿಸುತ್ತಿದ್ದಾರೆ. ಅಲ್ಲಿನ ಓಣಿಗಳಲ್ಲಿ ನಿಶ್ಶಬ್ದವಾಗಿ ಸಂಚರಿಸುವುದು ಮತ್ತು ಖಾಸಗಿ ಮನೆಗಳ ಅಂಗಳವನ್ನು ಪ್ರವೇಶಿಸದಿರುವುದು ಪ್ರವಾಸಿಗರು ಪಾಲಿಸಬೇಕಾದ ನಡವಳಿಕೆಯಾಗಿದೆ.