ಬಟವಾಡೆ ಬ್ಯಾಂಕಿನಿಂದ, ಚೀಟಿ ಕನ್ನಡದಲ್ಲಿ

ಅಗಳಿ, ರೊಳ್ಳ, ಅಮರಾಪುರಗಳ ಕಡೆಯ ರೈತರಿಗೆ ವಾರದ ಬಟವಾಡೆ ಒಂದು ಸಣ್ಣ ಪರೀಕ್ಷೆಯೇ ಸರಿ. ಹುಳುಮನೆಗೆ ಸೊಪ್ಪು ಕೊಯ್ದು ಹಾಕುವವರು ಇಬ್ಬರು, ಅಡಿಕೆ ಸುಲಿಯುವವರು ಏಳೆಂಟು ಮಂದಿ, ಕಡಲೆಕಾಯಿ ಕೀಳುವ ಕಾಲಕ್ಕೆ ಇನ್ನಷ್ಟು ಜನ. ಯಾರು ಎಷ್ಟು ದಿನ ಬಂದರು, ಯಾರು ಮಧ್ಯಾಹ್ನಕ್ಕೇ ಹೋದರು, ಯಾರು ಮುಂಗಡ ಪಡೆದರು ಎಂಬುದೆಲ್ಲ ಬಾಯಿಲೆಕ್ಕದಲ್ಲಿಯೇ ಉಳಿದರೆ ಜಗಳಕ್ಕೆ ದಾರಿ. ಚಿಲ್ಲರೆ ಸಿಗದ ತೊಂದರೆ ಬೇರೆ. ಈಗ ಕೂಲಿಯನ್ನು ಫೋನಿನಿಂದ ನೇರವಾಗಿ ಬ್ಯಾಂಕಿಗೆ ಹಾಕುವ ಅನುಕೂಲ ಹಳ್ಳಿಗೂ ಬಂದಿದೆ. ಅದನ್ನು ಯಜಮಾನನಿಗೂ ಕೂಲಿಯವರಿಗೂ ಒಳಿತಾಗುವಂತೆ ಬಳಸುವ ಬಗೆ ಯಾವುದೆಂದು ಇಲ್ಲಿ ವಿಚಾರಿಸೋಣ.

ಈ ವಿಷಯದಲ್ಲಿ ನಮ್ಮ ಸೀಮೆಗೆ ಹಳೆಯ ಅನುಭವ ಉಂಟು. ಉದ್ಯೋಗ ಖಾತರಿ ಯೋಜನೆಗೆ 2006ರ ಫೆಬ್ರವರಿ 2ರಂದು ಚಾಲನೆ ದೊರೆತದ್ದು ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿಯೇ. ಅಗಳಿಯೂ ಆಗ ಅದೇ ಜಿಲ್ಲೆಯಲ್ಲಿತ್ತು. 2022ರ ಏಪ್ರಿಲ್ 4ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಮೊದಮೊದಲು ಆ ಕೂಲಿ ಅಂಚೆ ಕಚೇರಿಯ ಮೂಲಕ ಬರುತ್ತಿತ್ತು. ಅನಂತರ ಆಂಧ್ರ ಸರ್ಕಾರ ಬೆರಳಚ್ಚಿನ ಸ್ಮಾರ್ಟ್ ಕಾರ್ಡ್ ತಂದಿತು. ಊರಿನವರೇ ಆದ ಬ್ಯಾಂಕ್ ಪ್ರತಿನಿಧಿ ಸಣ್ಣ ಯಂತ್ರ ಹಿಡಿದು ಹಳ್ಳಿಯಲ್ಲಿಯೇ ಹಣ ಎಣಿಸಿ ಕೊಡುತ್ತಿದ್ದರು.

ಅನಂತಪುರವೂ ಸೇರಿದಂತೆ 8 ಜಿಲ್ಲೆಗಳಲ್ಲಿ ಅರ್ಥಶಾಸ್ತ್ರಜ್ಞರು ಈ ಏರ್ಪಾಟನ್ನು ಪರೀಕ್ಷಿಸಿದರು. ಕೂಲಿ ಪಡೆಯಲು ಹಿಡಿಯುತ್ತಿದ್ದ ಹೊತ್ತು ಪ್ರತಿ ಸಲಕ್ಕೆ ಸುಮಾರು 22 ನಿಮಿಷ ಇಳಿದಿತ್ತು. ನಡುವೆ ಸೋರಿಹೋಗುತ್ತಿದ್ದ ಹಣ ಸುಮಾರು ಶೇಕಡ 41ರಷ್ಟು ಕಡಮೆಯಾಗಿತ್ತು. 2016ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ ತಿಳಿಯತಕ್ಕದ್ದು ಇಷ್ಟೆ: ದುಡಿದವರ ಕೈಗೆ ಅವರ ಊರಿನಲ್ಲಿಯೇ ಹಣ ಮುಟ್ಟಿದರೆ ಯಂತ್ರ ಉಪಕಾರಿ.

ಮುಂದಿನ ಅನುಭವ ಅಷ್ಟು ಸಿಹಿಯಲ್ಲ. 2024ರ ಜನವರಿ 1ರಿಂದ ಆ ಯೋಜನೆಯ ಕೂಲಿಗೆ ಆಧಾರ್ ಮೂಲಕ ಸಂದಾಯ ಕಡ್ಡಾಯವಾಯಿತು. ಈ ಪದ್ಧತಿಯಲ್ಲಿ ಹಣ ಹೋಗುವುದು ಆಧಾರ್‌ಗೆ ಕಟ್ಟಕಡೆಗೆ ಜೋಡಿಸಿದ ಬ್ಯಾಂಕಿಗೆ. ಹಳೆಯ ಪಾಸ್‌ಬುಕ್ಕು ಹಿಡಿದು ಒಂದು ಬ್ಯಾಂಕಿನಲ್ಲಿ ಕಾಯುತ್ತಿದ್ದರೆ ಹಣ ಮತ್ತೊಂದರಲ್ಲಿ ಕುಳಿತಿರಬಹುದು. 2025ರ ಡಿಸೆಂಬರಿನಲ್ಲಿ ಉದ್ಯೋಗ ಖಾತರಿ ಕಾನೂನಿಗೆ ಬದಲಾಗಿ ಬೇರೊಂದು ಕಾನೂನನ್ನು ಸಂಸತ್ತು ಅಂಗೀಕರಿಸಿತು. ಕಾನೂನು ಬದಲಾದರೂ ಕಲಿತ ಪಾಠ ಉಳಿದಿದೆ: ಯಂತ್ರಕ್ಕೆ ಮುಖದ ಪರಿಚಯವಿಲ್ಲ, ಅಂಕಿಯ ಪರಿಚಯ ಮಾತ್ರ.

ಇನ್ನು ನಮ್ಮ ತೋಟದ ಬಟವಾಡೆಗೆ ಬರೋಣ. ಪೇರೋಲ್ ಸಾಫ್ಟ್‌ವೇರ್ ಎನ್ನುವುದು ಹಾಜರಿ ಪುಸ್ತಕವೂ ಗುಮಾಸ್ತನೂ ಒಂದಾದ ಹಾಗೆ. ಹೆಸರು, ದಿನಗಳು, ದರ, ಮುಂಗಡ ಇವನ್ನು ತುಂಬಿದರೆ ಸಲ್ಲಬೇಕಾದ ಮೊಬಲಗನ್ನು ತಾನೇ ತೆಗೆದು ಬ್ಯಾಂಕಿಗೆ ಕಳುಹಿಸುವ ಪಟ್ಟಿಯನ್ನೂ ಸಿದ್ಧಮಾಡುತ್ತದೆ. ರೇಷ್ಮೆ ನೂಲು ಬಿಚ್ಚುವ ಘಟಕದಂತೆ ವರ್ಷವೆಲ್ಲ ಕೆಲಸಗಾರರಿರುವ ಕಡೆ ಇದು ಅನುಕೂಲ. 20 ಮಂದಿ ಮುಟ್ಟಿದರೆ ಭವಿಷ್ಯನಿಧಿಯ ಲೆಕ್ಕವೂ ಬರುತ್ತದೆಯಷ್ಟೆ. ಐದಾರು ಆಳುಗಳಿರುವ ರೈತನಿಗೆ ಒಂದು ನೋಟ್‌ಬುಕ್ಕೂ ಫೋನಿನ ಯುಪಿಐಯೂ ಸಾಕು. ಗುಂಡಿಯ ಫೋನಿದ್ದವರೂ 2022ರ ಮಾರ್ಚಿನಿಂದ ಯುಪಿಐ 123ಪೇ ಮೂಲಕ ಹಣ ಕಳುಹಿಸಬಹುದಾಗಿದೆ. ಬ್ಯಾಂಕಿನ ನೆಫ್ಟ್ ವ್ಯವಸ್ಥೆ 2019ರ ಡಿಸೆಂಬರ್ 16ರಿಂದ ಹಗಲಿರುಳು, ರಜಾದಿನಗಳಲ್ಲಿಯೂ ನಡೆಯುತ್ತಿದೆ. ಆದ್ದರಿಂದ ಬ್ಯಾಂಕಿಗೆ ರಜೆ ಎಂಬ ನೆಪ ಈಗ ಸಲ್ಲದು.

ಕ್ರಮ ಹೀಗಿರಲಿ. ಮೊದಲು ಪ್ರತಿಯೊಬ್ಬರ ಪಾಸ್‌ಬುಕ್ಕನ್ನು ನೋಡಿಯೇ ಖಾತೆಯ ಅಂಕಿಯನ್ನು ಬರೆದುಕೊಳ್ಳಿ. ಬಾಯಲ್ಲಿ ಹೇಳಿದ್ದನ್ನು ಬರೆಯಬೇಡಿ. ಮೊದಲ ಸಲ ಒಂದು ರೂಪಾಯಿ ಕಳುಹಿಸಿ, ಬಂತೆಂದು ಅವರ ಬಾಯಿಂದ ಕೇಳಿದ ಮೇಲೆ ಉಳಿದದ್ದು. ದಿನದ ಹಾಜರಿಯನ್ನು ಆ ದಿನ ಸಂಜೆಯೇ ಅವರೆದುರಿಗೆ ಗುರುತುಹಾಕಿ. ಮಾತಿಗೆ ದಿನಕ್ಕೆ 400 ರೂ. ದರ ಎನ್ನೋಣ, ಐದೂವರೆ ದಿನಕ್ಕೆ 2,200 ರೂ.; ಮುಂಗಡ 500 ರೂ. ಕಳೆದರೆ ಸಲ್ಲಬೇಕಾದದ್ದು 1,700 ರೂ. ಈ ನಾಲ್ಕು ಅಂಕಿಗಳೂ ಒಂದು ಚೀಟಿಯಲ್ಲಿ ಇರಲೇಬೇಕು. ಬರೆಯದೆ ಕೊಟ್ಟ ಮುಂಗಡಕ್ಕೆ, ಕೊಟ್ಟವನು ಕೋಡಂಗಿ ಇಸ್ಕೊಂಡವನು ಈರಭದ್ರ ಎಂಬ ಗಾದೆಯೇ ಗತಿ.

ಕಾನೂನು ಏನೆನ್ನುತ್ತದೆ? 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ನಗದು, ಚೆಕ್ಕು, ಬ್ಯಾಂಕು, ಎಲೆಕ್ಟ್ರಾನಿಕ್ ಸಂದಾಯ ಎಲ್ಲಕ್ಕೂ ಅದರಲ್ಲಿ ಅವಕಾಶವಿದೆ. ದಿನಗೂಲಿಯನ್ನು ಆ ದಿನದ ಕೆಲಸ ಮುಗಿದಾಗ, ವಾರದ ಕೂಲಿಯನ್ನು ವಾರದ ಕೊನೆಯ ಕೆಲಸದ ದಿನ, ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೆಯ ದಿನದೊಳಗೆ ಕೊಡತಕ್ಕದ್ದು. ಮುಂಗಡವೂ ಸೇರಿ ಎಲ್ಲ ಕಡಿತ ಕೂಲಿಯ ಅರ್ಧವನ್ನು ಮೀರಕೂಡದು. ಫೋನಿನಲ್ಲಿ ಬೇಗ ಕಳುಹಿಸಬಹುದಾದ್ದರಿಂದ ನಾಳೆ ಹಾಕಿದರಾಯಿತು ಎಂಬ ಉದಾಸೀನಕ್ಕೆ ಎಡೆಗೊಡಬಾರದು.

ಗಡಿಯಾಚೆ ಇರುವ ನಮಗೆ ಇನ್ನೂ ಒಂದು ಕಷ್ಟ. ಹಣ ಬಂದದ್ದನ್ನು ತಿಳಿಸುವ ಬ್ಯಾಂಕಿನ ಸಂದೇಶ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಕಚೇರಿಯ ಕಾಗದ ತೆಲುಗಿನಲ್ಲಿ. ಮನೆಯಲ್ಲಿ ಕನ್ನಡವಾಡುವ ಕೂಲಿ ಹೆಂಗಸಿಗೆ ಎರಡೂ ಓದಲು ಬಾರದಿದ್ದರೆ, ತನ್ನ ಹಣ ಎಷ್ಟೆಂದು ತಿಳಿಯಲು ಇನ್ನೊಬ್ಬರ ಮುಖ ನೋಡಬೇಕು. ಅಲ್ಲಿಯೇ ಮೋಸಕ್ಕೆ ದಾರಿ. ಚೀಟಿಯನ್ನು ಕನ್ನಡದಲ್ಲಿಯೇ ಬರೆಯಿರಿ. ಓದುಬಾರದವರಿಗೆ ಒಮ್ಮೆ ಓದಿ ಹೇಳಿ. ಇದಕ್ಕೆ ಸಾಫ್ಟ್‌ವೇರ್ ಬೇಡ, ಒಂದು ಪೆನ್ಸಿಲು ಸಾಕು. ಹೆಂಗಸರು ದುಡಿದದ್ದು ಅವರದೇ ಹೆಸರಿನ ಖಾತೆಗೆ ಸೇರಲಿ. ಒಟ್ಟಿಗೆ ಹಾಕಿದರೆ ಸುಲಭವೆಂದು ಗಂಡನ ಖಾತೆಗೋ ಮೇಸ್ತ್ರಿಯ ಖಾತೆಗೋ ಕಳುಹಿಸುವುದು ಸರಿಯಲ್ಲ.

ಕೂಲಿಯವರಿಗೂ ಎರಡು ಮಾತು. ಹಣ ಪಡೆಯಲು ಗುಪ್ತ ಪಿನ್ ಬೇಕಿಲ್ಲ. ಹಣ ಬರುತ್ತದೆ, ಪಿನ್ ಒತ್ತಿ ಎಂದು ಯಾರಾದರೂ ಹೇಳಿದರೆ ಅದು ವಂಚನೆ. ಬ್ಯಾಂಕ್ ಪ್ರತಿನಿಧಿಯ ಯಂತ್ರಕ್ಕೆ ಬೆರಳು ಕೊಟ್ಟಾಗಲೆಲ್ಲ ರಸೀದಿ ಕೇಳಿ ಪಡೆಯಿರಿ. ಕೆಲಸದಿಂದ ಸವೆದ ಬೆರಳನ್ನು ಯಂತ್ರ ಕೆಲವು ವೇಳೆ ಗುರುತಿಸುವುದಿಲ್ಲ. ಅಂಥವರು ಎಟಿಎಂ ಕಾರ್ಡು ಮಾಡಿಸಿಕೊಳ್ಳುವುದು ಒಳ್ಳೆಯದು. ಬ್ಯಾಂಕು ದೂರವಿರುವ ಮುದುಕರು ನಗದನ್ನೇ ಕೇಳಿದರೆ ಯಜಮಾನರು ಬೇಸರಪಡದೆ ನಗದನ್ನೇ ಕೊಟ್ಟು, ಪುಸ್ತಕದಲ್ಲಿ ಸಹಿಯೋ ಹೆಬ್ಬೆಟ್ಟೋ ಹಾಕಿಸಿಕೊಳ್ಳಲಿ.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೆಸರಾದ ಕೈ ಯಾರದೋ ಮೊಸರು ಅವರ ಬಾಯಿಗೇ ಸೇರಿತೇ ಎಂದು ನೋಡುವ ಹೊಣೆ ಮಾತ್ರ ಫೋನಿನದಲ್ಲ, ಬಟವಾಡೆ ಮಾಡುವವನದು. ಈ ವಾರದ ಹಾಜರಿಯನ್ನು ಬರೆದಿಡುವುದರಿಂದಲೇ ರೈತ ಬಾಂಧವರು ಮೊದಲುಮಾಡಬಹುದು.