ನಾಯಿಗೆ ಒಣ ಮಾಂಸ: ಮೊದಲು ಒಲೆ, ಆಮೇಲೆ ಬಿಸಿಲು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ತೋಟದ ವಸ್ತಿಗಳಲ್ಲಿ ನಾಯಿ ಇಲ್ಲದ ಮನೆ ಅಪರೂಪ. ರೊಟ್ಟಿ, ಅನ್ನ, ಮಜ್ಜಿಗೆ ಅದರ ದಿನದ ಊಟ. ಇದರ ಜೊತೆಗೆ, ಹೇಳಿದ ಮಾತು ಕೇಳಿದಾಗ ಅಥವಾ ಏನಾದರೂ ಕಲಿಸುವಾಗ ಕೊಡುವ ಸಣ್ಣ ತಿನಿಸನ್ನು ಟ್ರೀಟ್ ಎನ್ನುತ್ತಾರೆ. ಪೇಟೆಯ ಪೊಟ್ಟಣದಲ್ಲಿ ಸಿಗುವ ಜರ್ಕಿ, ಅಂದರೆ ಒಣಗಿಸಿದ ಮಾಂಸದ ಪಟ್ಟಿ, ಇದೇ ಜಾತಿಯದು. ಅದನ್ನು ಮನೆಯಲ್ಲೇ ಮಾಡಬಹುದು.

ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹಾಗಾದರೆ ಹಸಿ ಮಾಂಸವನ್ನು ಮಾಳಿಗೆ ಮೇಲೆ ಹರವಿದರೆ ಸಾಲದೇ? ಸಾಲದು. ಈ ಒಂದು ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಸಾಲ್ಮೊನೆಲ್ಲಾದಂಥ ರೋಗಾಣುಗಳು 40 ಡಿಗ್ರಿಯಲ್ಲಿ ಸಾಯುವುದಿಲ್ಲ, ಬೆಳೆಯುತ್ತವೆ. ಬಿಸಿಲು ಮಾಂಸದ ನೀರನ್ನು ತೆಗೆಯುತ್ತದೆ, ರೋಗಾಣುವನ್ನು ಕೊಲ್ಲುವುದಿಲ್ಲ. ಕೋಳಿಮಾಂಸದ ಒಳಭಾಗ 74 ಡಿಗ್ರಿ ಮುಟ್ಟಲೇಬೇಕು. ನಾಯಿಗೆ ಹಸಿ ಮಾಂಸ ದಕ್ಕುತ್ತದೆ ಎಂದು ಕೆಲವರು ವಾದಿಸುತ್ತಾರೆ. ಆದರೆ ಆ ತುಣುಕನ್ನು ಮುಟ್ಟುವುದು ನಿಮ್ಮ ಕೈ, ನಾಯಿ ನೆಕ್ಕುವುದು ನಿಮ್ಮ ಮಗುವಿನ ಕೆನ್ನೆ.

ಮಾಡುವ ಕ್ರಮ ಸುಲಭ. ಎಲುಬಿಲ್ಲದ ಕೋಳಿಯ ಎದೆಭಾಗ ತನ್ನಿ. ಕೊಬ್ಬು ಕಂಡರೆ ತೆಗೆಯಿರಿ, ಕೊಬ್ಬು ಬೇಗ ಮುಗ್ಗಲಾಗುತ್ತದೆ. ಮಾಂಸವನ್ನು ಅರ್ಧ ಗಂಟೆ ಫ್ರೀಜರಿನಲ್ಲಿಟ್ಟರೆ ತೆಳ್ಳಗೆ ಕೊಯ್ಯಲು ಬರುತ್ತದೆ. ಅರ್ಧ ಸೆಂಟಿಮೀಟರ್ ದಪ್ಪದ ಪಟ್ಟಿ ಸಾಕು. ಎಳೆಯ ಉದ್ದಕ್ಕೆ ಕೊಯ್ದರೆ ಜಗಿಯುವಂತಾಗುತ್ತದೆ. ಮುದಿ ನಾಯಿಗಾದರೆ ಎಳೆಗೆ ಅಡ್ಡಲಾಗಿ ಕೊಯ್ಯಿರಿ, ಬೇಗ ಮುರಿಯುತ್ತದೆ. ಕುದಿಯುವ ನೀರಿಗೆ ಹಾಕಿ ಎಂಟು ಹತ್ತು ನಿಮಿಷ ಬೇಯಿಸಿ. ಒಂದನ್ನು ಸೀಳಿ ನೋಡಿ, ಒಳಗೆ ಗುಲಾಬಿ ಬಣ್ಣ ಉಳಿದಿರಬಾರದು. ಉಪ್ಪು, ಖಾರ, ಮಸಾಲೆ ಯಾವುದೂ ಬೇಡ. ಬೇಯಿಸಿದ ನೀರನ್ನು ಚೆಲ್ಲಬೇಡಿ. ಆರಿದ ಮೇಲೆ ನಾಯಿಯ ರೊಟ್ಟಿಗೆ ಸುರಿಯಿರಿ.

ಈಗ ಬಿಸಿಲಿನ ಕೆಲಸ. ಸ್ಟೀಲ್ ಜಾಲರಿಯ ಮೇಲೆ ಪಟ್ಟಿಗಳನ್ನು ಒಂದಕ್ಕೊಂದು ತಾಗದಂತೆ ಹರವಿ, ಮೇಲೆ ತೆಳು ಬಟ್ಟೆ ಬಿಗಿಯಿರಿ. ನೊಣ, ಕಾಗೆ, ದೂಳು ಮೂರೂ ದೂರ ಇರಬೇಕು. ಬೆಳಗ್ಗೆ ಇಟ್ಟು ಸಂಜೆಗೆ ತೆಗೆದು ಫ್ರಿಜ್ಜಿನಲ್ಲಿಡಿ, ಮರುದಿನ ಮತ್ತೆ ಇಡಿ. ಏಪ್ರಿಲ್, ಮೇ ತಿಂಗಳಲ್ಲಿ ಸಾಮಾನ್ಯವಾಗಿ ಎರಡು ದಿನ ಸಾಕು. ಮಳೆಗಾಲದಲ್ಲಿ ಬಿಸಿಲನ್ನು ನಂಬಬೇಡಿ. ಓಟಿಜಿ, ಅಂದರೆ ಮೇಜಿನ ಮೇಲಿಡುವ ವಿದ್ಯುತ್ ಒಲೆ ಇದ್ದರೆ 100 ಡಿಗ್ರಿಗೆ ಇಟ್ಟು, ಬಾಗಿಲು ಸ್ವಲ್ಪ ತೆರೆದಿಟ್ಟು, ಸುಮಾರು ಎರಡು ತಾಸು ಒಣಗಿಸಿ. ಅದೂ ಇಲ್ಲದಿದ್ದರೆ ರೊಟ್ಟಿಯ ಹಂಚೇ ಸಾಕು. ಸಣ್ಣ ಉರಿಯಲ್ಲಿ ತಿರುವುತ್ತಾ ಇರಬೇಕು, ತಾಳ್ಮೆ ಬೇಕು.

ಒಣಗಿತೋ ಇಲ್ಲವೋ ತಿಳಿಯುವುದು ಹೇಗೆ? ಪೂರ್ತಿ ಆರಿದ ಪಟ್ಟಿಯನ್ನು ಬಗ್ಗಿಸಿ. ಅದು ಬಿರಿಯಬೇಕು, ಬಿರಿದಲ್ಲಿ ಪಸೆ ಕಾಣಬಾರದು. ಬಿಸಿಯಿರುವಾಗಲೇ ಡಬ್ಬಿಗೆ ತುಂಬಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಕೆಡದಂತೆ ತಡೆಯುವ ಔಷಧ ನಾವೇನೂ ಹಾಕಿಲ್ಲ. ಆದ್ದರಿಂದ ಫ್ರಿಜ್ಜಿನಲ್ಲಿ ಎರಡು ವಾರ, ಫ್ರೀಜರಿನಲ್ಲಿ ಎರಡು ತಿಂಗಳು, ಅಷ್ಟೇ.

ಇನ್ನೊಂದು ಬಗೆ ಖೀಮಾ ಬಿಸ್ಕತ್ತು. ಅರ್ಧ ಕಿಲೋ ಖೀಮಾ, ಒಂದು ತತ್ತಿ, ಹಿಡಿಯುವಷ್ಟು ಜೋಳದ ಹಿಟ್ಟು ಕಲಸಿ, ತೆಳ್ಳಗೆ ತಟ್ಟಿ, ಹಂಚಿನ ಮೇಲೆ ಎರಡೂ ಕಡೆ ಚೆನ್ನಾಗಿ ಬೇಯಿಸಿ. ಇದು ಫ್ರಿಜ್ಜಿನಲ್ಲೂ ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ.

ಮಾಂಸ ಹೊಗದ ಅಡುಗೆಮನೆಗಳು ಇಲ್ಲಿ ಬಹಳ. ಅಂಥವರು ಹಿತ್ತಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಇಟ್ಟುಕೊಳ್ಳಬಹುದು. ಅದೂ ಬೇಡವಾದರೆ ಬೇಯಿಸಿದ ಗೆಣಸು, ಗಜ್ಜರಿಯ ತುಣುಕು ಕೊಡಿ. ನಾಯಿಗೆ ಅದೂ ಪ್ರೀತಿಯೇ.

ಕುರಿಯ ಕಲೇಜಿ, ಶ್ವಾಸಕೋಶದ ಬಗ್ಗೆ ಬಿಡಿಸಿ ಹೇಳಬೇಕು. ಕುರಿ ಕೊಯ್ದಾಗ ಅವುಗಳಲ್ಲಿ ಕೆಲವೊಮ್ಮೆ ನೀರು ತುಂಬಿದ ಗುಳ್ಳೆಗಳು ಕಾಣುತ್ತವೆ. ತಿನ್ನಲು ಬಾರದೆಂದು ಜನ ಅದನ್ನೇ ನಾಯಿಗೆ ಎಸೆಯುತ್ತಾರೆ. ಅದು ಹೈಡಾಟಿಡ್ ಗುಳ್ಳೆ, ಒಂದು ಸಣ್ಣ ಲಾಡಿಹುಳುವಿನ ಮರಿಗಳ ಮನೆ. ಮರಿಗಳು ನಾಯಿಯ ಕರುಳಿನಲ್ಲಿ ಹುಳುವಾಗಿ, ತತ್ತಿ ನಾಯಿಯ ಮಲದಲ್ಲಿ ಹೊರಬರುತ್ತದೆ. ಕೈ, ಕಾಯಿಪಲ್ಲೆ, ನೀರಿನ ಮೂಲಕ ಅದು ಮನುಷ್ಯನ ಹೊಟ್ಟೆ ಸೇರಿದರೆ ನಮ್ಮ ಯಕೃತ್ತಿನಲ್ಲೇ ಅಂಥ ಗುಳ್ಳೆ ಬೆಳೆಯುತ್ತದೆ. ಎಷ್ಟೋ ಸಲ ಶಸ್ತ್ರಚಿಕಿತ್ಸೆಯೇ ಗತಿ. ಆದ್ದರಿಂದ ಗುಳ್ಳೆಯಿರುವುದನ್ನು ನಾಯಿ ಅಗೆಯಲಾಗದಷ್ಟು ಆಳಕ್ಕೆ ಹೂಳಿ ಅಥವಾ ಸುಡಿ. ಚೊಕ್ಕ ಕಲೇಜಿಯನ್ನೂ ಪೂರ್ತಿ ಬೇಯಿಸಿಯೇ ಒಣಗಿಸಿ. ಕಲೇಜಿಯಲ್ಲಿ ಎ ಜೀವಸತ್ವ ವಿಪರೀತ, ದಿನಾ ಕೊಟ್ಟರೆ ಮೈಯಲ್ಲಿ ಶೇಖರವಾಗುತ್ತದೆ. ವಾರಕ್ಕೆ ಒಂದೆರಡು ಸಲ, ಚಿಕ್ಕ ತುಣುಕು ಸಾಕು.

ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ವಿಷ ಹೋಗದು. ಹಾಗಾಗಿ ನಮ್ಮ ಸಾರಿನ ತುಂಡನ್ನು ತೊಳೆದು ಕೊಡುವುದೂ ಸರಿಯಲ್ಲ. ಬೇಯಿಸಿದ ಎಲುಬು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ಇನ್ನೂ ಅಪಾಯ, ಮೂತ್ರಪಿಂಡವೇ ಕೈಕೊಡಬಹುದು. ಒಣದ್ರಾಕ್ಷಿ ಶೆಡ್ ಇರುವವರು ನಾಯಿಯನ್ನು ಅಲ್ಲಿಗೆ ಬಿಡಬೇಡಿ. ತಿಂದದ್ದು ಕಂಡರೆ ವಾಂತಿಗೆ ಕಾಯದೆ ವೈದ್ಯರ ಬಳಿ ಒಯ್ಯಿರಿ.

ಎಷ್ಟು ಕೊಡಬೇಕು? ದಿನದ ಒಟ್ಟು ಆಹಾರಶಕ್ತಿಯಲ್ಲಿ ಟ್ರೀಟ್ ಪಾಲು ನೂರಕ್ಕೆ ಹತ್ತನ್ನು ಮೀರಬಾರದು. 10 ಕಿಲೋ ತೂಕದ ನಾಯಿಗೆ ಸುಮಾರು 15 ಗ್ರಾಂ ಒಣ ಕೋಳಿಮಾಂಸ, 20 ಕಿಲೋದ ನಾಯಿಗೆ 25ರಿಂದ 30 ಗ್ರಾಂ. ಉಗುರಿನಷ್ಟು ಚೂರು ಮಾಡಿ ದಿನವಿಡೀ ಹಂಚಿ. ಮುಧೋಳ ನಾಯಿಯ ಪಕ್ಕೆಲುಬು ಕಾಣುತ್ತದೆಂದು ಮರುಗಿ ಹೆಚ್ಚು ತಿನ್ನಿಸಬೇಡಿ, ಅದರ ಮೈಕಟ್ಟೇ ಹಾಗೆ.

ಖರ್ಚಿನ ಲೆಕ್ಕ ನೋಡೋಣ. ಮಾಂಸದಲ್ಲಿ ಮುಕ್ಕಾಲು ಪಾಲು ನೀರು. ಒಂದು ಕಿಲೋ ಹಸಿ ಮಾಂಸ ಒಣಗಿದಾಗ 250ರಿಂದ 300 ಗ್ರಾಂ ಉಳಿಯುತ್ತದೆ. ಕಿಲೋಗೆ 300 ರೂಪಾಯಿ ಹಿಡಿದರೆ ನೂರು ಗ್ರಾಂ ಒಣ ಮಾಂಸಕ್ಕೆ 100ರಿಂದ 120 ರೂಪಾಯಿ ಬೀಳುತ್ತದೆ, ಗ್ಯಾಸ್ ಬೇರೆ. ಪೊಟ್ಟಣಕ್ಕಿಂತ ಭಾರೀ ಉಳಿತಾಯವೇನೂ ಇಲ್ಲ. ಒಳಗೇನಿದೆ ಎಂದು ನಿಮಗೆ ಗೊತ್ತಿರುತ್ತದೆ, ನನಗೆ ಅದೇ ದೊಡ್ಡ ಲಾಭ. ಕೋಳಿಯ ಕಲೇಜಿ ಇನ್ನೂ ಅಗ್ಗ.

ಮಾಂಸವನ್ನು ನಿಮ್ಮ ಕಣ್ಣೆದುರೇ ಕೊಯ್ದು ಕೊಡುವ ಅಂಗಡಿಯಲ್ಲಿ, ಬೆಳಗ್ಗೆಯೇ ತನ್ನಿ. ಮೂತ್ರಪಿಂಡ, ಯಕೃತ್ತಿನ ತೊಂದರೆ ಇರುವ ನಾಯಿಗೆ ಮತ್ತು ಎಳೆ ಮರಿಗೆ ಇದನ್ನು ಕೊಡುವ ಮೊದಲು ಪಶು ಆಸ್ಪತ್ರೆಯಲ್ಲಿ ಕೇಳಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಕಡೆ ಸರಕಾರಿ ಪಶು ಆಸ್ಪತ್ರೆ ಇದೆ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962. ಹೋದಾಗ ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಇರುವ ಗುಳಿಗೆಯನ್ನು ಯಾವಾಗ, ಎಷ್ಟು ಕೊಡಬೇಕು ಎಂದು ನಾಯಿಯ ತೂಕ ಹೇಳಿ ಬರೆಸಿಕೊಳ್ಳಿ. ರೇಬೀಸ್ ಲಸಿಕೆಯ ವಾಯಿದೆ ಮುಗಿದಿದ್ದರೆ ಅದನ್ನೂ ಅಂದೇ ಹಾಕಿಸಿ.